ಯಾಕೋಬನ ವಾರದ ತೊಗರಿಬೇಳೆ

ಹೋದ ವಾರ ಒಂದು ಸಂಜೆ ಮಗಳ ಊರಾದ ವೆಸ್ಟ್ ವಿಂಡ್ಸರ್‌ನಲ್ಲಿ ಗಾಳಿಮಳೆಗೆ ಕರೆಂಟು ಹೋಯಿತು. ಮಗಳು ವಾಣಿ ಡ್ರಾಯರುಗಳನ್ನೆಲ್ಲ ತಡಕಾಡಿ ಎಲ್ಲಿಂದಲೋ ಒಂದು ಬೆಂಕಿಪೊಟ್ಟಣ ತಂದು ಮೇಣದಬತ್ತಿ ಹಚ್ಚಿದಳು. ಈ ಮನೆಯಲ್ಲಿ ಕಡ್ಡಿ ಗೀರುವ ಪ್ರಸಂಗವೇ ಬರುವುದಿಲ್ಲ. ಒಲೆ ಕರೆಂಟಿನದು, ದೇವರ ಮುಂದಿನ ದೀಪ ಬ್ಯಾಟರಿಯದು. ಆ ಚುರುಕು ವಾಸನೆ ಮೂಗಿಗೆ ಬಡಿದದ್ದೇ ತಡ, ನನಗೆ ಬೆಲ್‌ರೋಸ್‌ನ ಹೋಟೆಲಿನ ಅಡಿಗೆಮನೆ ಕಣ್ಣಿಗೆ ಕಟ್ಟಿತು. ಗಡ್ಡದ ಮೇಷ್ಟ್ರು ಬಗ್ಗಿ ಕಡ್ಡಿ ಗೀರುತ್ತಿದ್ದಾರೆ, ನಾನು ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದೇನೆ.

"ತಾತ, ಟೆಲ್ ದಟ್ ಸ್ಟೋರಿ," ಎಂದಳು ಮೊಮ್ಮಗಳು ಮೇಘ. ಅವಳಿಗೂ ವಾಸನೆಯಿಂದ ಅದೇ ನೆನಪಾಗಿತ್ತು. ಹೇಳಿದೆ. ಹೇಳಿದ ಮೇಲೆ ಬರೆದಿಡಬೇಕು ಅನ್ನಿಸಿತು. ನಾನು ಓದಿದ್ದು ಎಸ್ಸೆಸ್ಸೆಲ್ಸಿ, ಅದೂ ಎರಡನೇ ಸಲಕ್ಕೆ ಪಾಸಾದವನು. ತಪ್ಪಿದ್ದರೆ ಹೊಂದಿಸಿಕೊಂಡು ಓದಿ.

ಏಳೆಂಟು ವರ್ಷದ ಹಿಂದಿನ ಮಾತು. ಆಗ ನಾನು ಕ್ವೀನ್ಸ್‌ನ ಬೆಲ್‌ರೋಸ್‌ನಲ್ಲಿ, ಹಿಲ್‌ಸೈಡ್ ಅವೆನ್ಯೂ ಮೇಲಿದ್ದ ಸಸ್ಯಾಹಾರಿ ಹೋಟೆಲೊಂದರಲ್ಲಿ ಅಡಿಗೆಯವನು. ಹೋಟೆಲು ಪುತ್ತೂರಿನ ಸುಮಿತ್ರಕ್ಕನದು. ಗಂಡ ತೀರಿಕೊಂಡ ಮೇಲೆ ಒಬ್ಬರೇ ನಡೆಸುತ್ತಿದ್ದರು. ನನಗಿಂತ ಬಹಳ ಚಿಕ್ಕವರು, ಆದರೂ ಅವರ ಬಾಯಿಗೆ ಹೆದರಿ ನಾವೆಲ್ಲ ಅಕ್ಕ ಎನ್ನುತ್ತಿದ್ದೆವು. ಆ ವರ್ಷ ಸುತ್ತಮುತ್ತ ಹೊಸ ಹೋಟೆಲುಗಳೆದ್ದು ನಮ್ಮ ಮೇಜುಗಳು ಖಾಲಿ ಬಿದ್ದವು. ಹತ್ತಿರದ ಬಡಾವಣೆಗಳಲ್ಲಿ ಯಹೂದಿ ಜನ ಬಹಳ. ಮಾಂಸ ಮತ್ತು ಹಾಲು ಒಂದಕ್ಕೊಂದು ತಾಗಬಾರದು ಎಂಬುದು ಅವರ ಕಟ್ಟುನಿಟ್ಟು, ಹಾಗಾಗಿ ಮಾಂಸವೇ ಇಲ್ಲದ ಹೋಟೆಲೆಂದರೆ ಅವರಿಗೆ ಇಷ್ಟ. ಆದರೆ ಅಡಿಗೆ ತಮ್ಮ ನಿಯಮದಂತೆ ನಡೆಯುತ್ತಿದೆ ಎಂಬ ಕೋಷರ್ ಸರ್ಟಿಫಿಕೇಟು ಬಾಗಿಲಲ್ಲಿ ತೂಗಬೇಕು. ಸುಮಿತ್ರಕ್ಕ ಓಡಾಡಿ ಅದನ್ನು ತಂದರು. ಅದರ ಹಿಂದೆಯೇ ಎಫ್ರಾಯಿಮ್ ಬಂದರು.

ಎಫ್ರಾಯಿಮ್ ಬ್ರೂಕ್ಲಿನ್‌ನ ಶಾಲೆಯಲ್ಲಿ ಮೇಷ್ಟ್ರಾಗಿದ್ದು ನಿವೃತ್ತರಾದವರು. ಬಿಳಿ ಗಡ್ಡ, ಕರಿ ಹ್ಯಾಟು, ಮೊಣಕೈ ಸವೆದ ಕರಿ ಕೋಟು. ಅಡಿಗೆಮನೆಯ ಮೇಲ್ವಿಚಾರಣೆ ಅವರ ಕೆಲಸ. ಅವರ ನಿಯಮದ ಪ್ರಕಾರ ಅಡಿಗೆ ಯಾರು ಮಾಡಿದರೂ ಸರಿ, ಒಲೆಯ ಬೆಂಕಿಯನ್ನು ಮಾತ್ರ ಯಹೂದಿಯೊಬ್ಬರೇ ಹಚ್ಚಬೇಕು. ದಿನಾ ಬೆಳಿಗ್ಗೆ ಬಂದು, ಕೋಟಿನ ಜೇಬಿನಿಂದ ಬೆಂಕಿಪೊಟ್ಟಣ ತೆಗೆದು, ಒಂದೊಂದೇ ಒಲೆ ಹಚ್ಚುವರು. ಆಮೇಲೆ ಬೇಳೆಯಲ್ಲಿ, ಸೊಪ್ಪಿನಲ್ಲಿ ಹುಳ ಇದೆಯೇ ಎಂದು ನೋಡುತ್ತ ಕೂರುವರು.

ನನಗೆ ಮೊದಲಿಗೆ ಮೈಯೆಲ್ಲ ಉರಿಯಿತು. ಮೀಸೆ ಬರುವ ಮುಂಚೆಯೇ ತಿಪಟೂರಿನಲ್ಲಿ ಸೌದೆ ಒಲೆ ಊದಿದವನು ನಾನು. ನನ್ನ ಒಲೆ ಇನ್ನೊಬ್ಬರು ಹಚ್ಚುವುದೇ?

"ಸೀತಾರಾಮಣ್ಣ, ನಿಮ್ಮ ಅಜ್ಜಿ ಮಡಿ ಉಟ್ಟು ಅಡಿಗೆ ಮಾಡ್ತಿರಲಿಲ್ವಾ?" ಎಂದು ಸುಮಿತ್ರಕ್ಕ ಗದರಿದರು. "ಅವರಿಗೂ ಅವರದ್ದೊಂದು ಮಡಿ ಉಂಟು ಮಾರಾಯ್ರೆ. ಎಂತಕ್ಕೆ ಹೀಗೆ ಮುಖ ಊದಿಸುದು?"

ನಿಜಕ್ಕೂ ಅಜ್ಜಿ ಇದ್ದಿದ್ದರೆ ಈ ಮನುಷ್ಯನನ್ನು ಮೆಚ್ಚಿಕೊಳ್ಳುತ್ತಿದ್ದಳು. ಕೊತ್ತಂಬರಿಯನ್ನು ಎಸಳೆಸಳಾಗಿ ಬಿಡಿಸಿ, ದೀಪದ ಬೆಳಕಿಗೆ ಹಿಡಿದು ನೋಡುವ ಇನ್ನೊಬ್ಬರನ್ನು ನಾನು ಕಂಡಿಲ್ಲ. ನಾನೂ ಪಕ್ಕದಲ್ಲಿ ಕೂತು ಬಿಡಿಸತೊಡಗಿದೆ. ಇಬ್ಬರು ಮುದುಕರು, ಮಧ್ಯೆ ಸೊಪ್ಪಿನ ಗುಡ್ಡೆ. ಮಾತು ಬೆಳೆಯದೆ ಇರುತ್ತದೆಯೇ?

ಆಗ ಎಲೆ ಉದುರುವ ಕಾಲ. ಹೊರಗೆ ಮೇಪಲ್ ಮರಗಳೆಲ್ಲ ಕುಂಕುಮ ಚೆಲ್ಲಿದ ಹಾಗಿದ್ದವು. ಯಹೂದಿಗಳು ತಮ್ಮ ಧರ್ಮಗ್ರಂಥವನ್ನು ಶನಿವಾರಕ್ಕೊಂದು ಭಾಗದಂತೆ ಗುಡಿಯಲ್ಲಿ ಗಟ್ಟಿಯಾಗಿ ಓದುತ್ತಾರೆ. ವರ್ಷಕ್ಕೊಮ್ಮೆ ಮುಗಿಸಿ ಮತ್ತೆ ಮೊದಲಿಂದ ಶುರು. ಆ ಶುರುವಾಗುವುದು ಇದೇ ಕಾಲದಲ್ಲಿ. ಹಾಗಾಗಿ ಪ್ರತಿ ಶುಕ್ರವಾರ ಬೆಳಿಗ್ಗೆ ಮೇಷ್ಟ್ರು ಮಾರನೇ ದಿನ ಓದಲಿರುವ ಕತೆಯನ್ನು ನನಗೆ ಹೇಳುತ್ತಿದ್ದರು. ಪ್ರಳಯದಲ್ಲಿ ಉಳಿದ ನೋಹ ನೆಲಕ್ಕಿಳಿದು ದ್ರಾಕ್ಷಿ ಬೆಳೆದು, ಕುಡಿದು ಮೈಮೇಲಿನ ಬಟ್ಟೆಯ ಎಚ್ಚರವಿಲ್ಲದೆ ಬಿದ್ದದ್ದು. ಕುಲಕ್ಕೇ ಮೂಲಪುರುಷನಾದ ಅಬ್ರಹಾಂ, ಪರದೇಶದ ರಾಜ ತನ್ನನ್ನು ಕೊಂದಾನೆಂಬ ಭಯದಿಂದ ಹೆಂಡತಿಯನ್ನು ತಂಗಿ ಎಂದು ಹೇಳಿ ಅವಳನ್ನು ಅಪಾಯಕ್ಕೆ ಬಿಟ್ಟದ್ದು.

"ಸಾರ್, ಇವರು ನಿಮ್ಮ ಹಿರಿಯರೋ, ಇಲ್ಲ ಕಟಕಟೆಯಲ್ಲಿ ನಿಂತವರೋ?" ಎಂದು ಕೇಳಿಬಿಟ್ಟೆ.

ಗಡ್ಡ ಅಲುಗುವಂತೆ ನಕ್ಕರು. "ಎರಡೂ, ಮಿಸ್ಟರ್ ಸೀತಾ." ಸೀತಾ ಎಂದರೆ ಹೆಂಗಸಿನ ಹೆಸರು ಎಂದು ಎಷ್ಟು ಸಲ ತಿದ್ದಿದರೂ ಅವರ ಬಾಯಲ್ಲಿ ನಾನು ಸೀತೆಯೇ.

"ನಮ್ಮಲ್ಲಿ ಹಿರಿಯರು ಹೋದರೆ ಫೋಟೋಗೆ ಗಂಧದ ಹಾರ ಹಾಕುತ್ತೇವೆ," ಎಂದೆ. "ಹಾರ ಬಿದ್ದ ಮೇಲೆ ಅವರು ತಪ್ಪೇ ಮಾಡಿಲ್ಲ."

"ಒಳ್ಳೆಯದೇ. ಆ ಫೋಟೋ ನೋಡಿ ನಿನ್ನ ಮೊಮ್ಮಕ್ಕಳು ಏನು ಕಲಿಯುತ್ತಾರೆ?"

"ನೆಟ್ಟಗೆ ಕೂತುಕೊಳ್ಳೋದು."

ಮತ್ತೆ ನಕ್ಕರು. ಆಮೇಲೆ ಹೇಳಿದರು: ಅವರ ಪಂಡಿತರಲ್ಲೂ ಒಮ್ಮತ ಇಲ್ಲವಂತೆ. ಅಬ್ರಹಾಂ ಮಾಡಿದ್ದು ದೊಡ್ಡ ಪಾಪ ಎಂದು ಒಬ್ಬರು ಬರೆದರೆ, ಜೀವಭಯದಲ್ಲಿ ಬೇರೆ ದಾರಿ ಇರಲಿಲ್ಲ ಎಂದು ಇನ್ನೊಬ್ಬರು. ಮೇಲೆ ಇರುವವನು ದೊಡ್ಡವರ ತಪ್ಪನ್ನು ಕೂದಲೆಳೆಯಷ್ಟಿದ್ದರೂ ಬಿಡುವುದಿಲ್ಲ, ಅದಕ್ಕೇ ಅವರ ತಪ್ಪು ನಮಗೆ ಅಷ್ಟು ದೊಡ್ಡದಾಗಿ ಕಾಣುತ್ತದೆ ಎಂದು ಮತ್ತೊಬ್ಬರು. "ಬೈಯುವವರು ಬೈಯುತ್ತಾರೆ, ಕಾಯುವವರು ಕಾಯುತ್ತಾರೆ. ಆದರೆ ಮಿಸ್ಟರ್ ಸೀತಾ, ಇಷ್ಟು ಕಾಲದಲ್ಲಿ ಆ ಪುಟ ಯಾರೂ ಹರಿಯಲಿಲ್ಲ."

ನವೆಂಬರಿನ ಒಂದು ಶುಕ್ರವಾರ ಬಂತು. ನನ್ನ ಪುಟ ಅದು.

ಹಿಂದಿನ ದಿನದಿಂದಲೇ ಗಾಳಿಮಳೆ. ಮಧ್ಯಾಹ್ನಕ್ಕೆ ಒಂದು ದೊಡ್ಡ ಆರ್ಡರು ಇತ್ತು. ಹತ್ತಿರದ ಯಹೂದಿ ಅಜ್ಜಿಯೊಬ್ಬರು ಮೊಮ್ಮಗಳ ನಿಶ್ಚಿತಾರ್ಥಕ್ಕೆ ಇಡ್ಲಿ ಸಾಂಬಾರು ಹೇಳಿದ್ದರು. ಅವರ ಕಡೆಯಿಂದ ನಮಗೆ ಬಂದ ಮೊದಲ ಸಮಾರಂಭದ ಊಟ. ಇದು ಚೆನ್ನಾಗಿ ಆದರೆ ಮುಂದಿನವೆಲ್ಲ ನಮಗೇ ಎಂದು ಸುಮಿತ್ರಕ್ಕ ದೇವರಿಗೆ ಹರಕೆ ಹೊತ್ತಿದ್ದರು. ಮೇಷ್ಟ್ರ ಸುಳಿವಿಲ್ಲ. ಫೋನು ಮಾಡಿದರೆ ಸಿಗುವುದಿಲ್ಲ, ಎಲ್ಲೋ ಸಬ್‌ವೇ ಒಳಗೆ ಸಿಕ್ಕಿಕೊಂಡಿದ್ದಾರೆ. ಸುಮಿತ್ರಕ್ಕ ಡಬ್ಬಗಳನ್ನು ತರಲು ಹಿಕ್ಸ್‌ವಿಲ್‌ಗೆ ಹೋಗಿದ್ದರು. ದೊಡ್ಡ ಪಾತ್ರೆಯಲ್ಲಿ ಬೇಳೆ ನೆನೆದು ಕೂತಿದೆ. ಅದೂ ಸುಮಿತ್ರಕ್ಕ ಅಗ್ಗಕ್ಕೆ ತಂದ ಹಳೇ ದಾಸ್ತಾನಿನ ತೊಗರಿಬೇಳೆ, ಎಷ್ಟು ಕುದಿಸಿದರೂ ಕಲ್ಲು.

ಕಾದೆ, ಇನ್ನೂ ಕಾದೆ. ಕೊನೆಗೆ ದೇವರ ಗೂಡಿನಲ್ಲಿ ಊದುಬತ್ತಿಗೆಂದು ಇಟ್ಟಿದ್ದ ಲೈಟರು ತಂದು ನಾನೇ ಒಲೆ ಹಚ್ಚಿಬಿಟ್ಟೆ.

ನೀರು ಕುದಿಯಲು ಶುರುವಾಗಿತ್ತು, ಅಷ್ಟೇ. ಮುಂಬಾಗಿಲ ಗಂಟೆ ಸದ್ದಾಯಿತು. ಅಡಿಗೆಮನೆಯ ಬಾಗಿಲಿನ ಗಾಜಿನಿಂದ ನೋಡಿದರೆ ಮೇಷ್ಟ್ರು, ಛತ್ರಿ ಮುರಿದು ಹಿಂದುಮುಂದಾಗಿದೆ, ಗಡ್ಡದಿಂದ ನೀರು ಸೋರುತ್ತಿದೆ. ನನ್ನ ಕೈ ತಾನಾಗಿ ಹೋಗಿ ಒಲೆಯನ್ನು ಆರಿಸಿತು. ಕೈ ತಾನಾಗಿ ಹೋಯಿತು ಎನ್ನುವುದೂ ಸುಳ್ಳು. ನಾನೇ ಆರಿಸಿದೆ. ಹಚ್ಚಿದ್ದು ಆತುರ, ಆರಿಸಿದ್ದು ಮೋಸ.

"ತಡವಾಯಿತು. ಕ್ಷಮಿಸು. ಹಚ್ಚಲೇ?"

"ಹಚ್ಚಿ ಸಾರ್."

ಬಗ್ಗಿ ಕಡ್ಡಿ ಗೀರಿದರು. ಅವರ ಬೆರಳು ಒಲೆಯ ಕಬ್ಬಿಣದ ಚೌಕಟ್ಟಿಗೆ ತಾಗಿತು. ಚಕ್ಕನೆ ಕೈ ಹಿಂದೆಗೆದರು. "ಚಳಿಗೆ ಬೆರಳು ಮರಗಟ್ಟಿವೆ," ಎಂದರು. ಒಲೆ ಹೊತ್ತಿತು. ಆ ಬೇಳೆ ಆ ಒಲೆಯ ಮೇಲೆ ಬೇಯಲು ಎಷ್ಟು ಹೊತ್ತು ಹಿಡಿಯಿತೆಂದರೆ ನಾನು ಸುಮಿತ್ರಕ್ಕನಿಗೆ ಫೋನಿನಲ್ಲೇ ಬೈದೆ.

ಊಟ ಹೋಯಿತು. ಸಾಂಬಾರನ್ನು ಹೊಗಳಿ ಅಜ್ಜಿಯ ಫೋನು ಬಂತು. ಕೈ ತೊಳೆದುಕೊಂಡು ಸೊಪ್ಪಿನ ಮುಂದೆ ಕೂತಾಗ ಮೇಷ್ಟ್ರು ಆ ವಾರದ ಕತೆ ಶುರುಮಾಡಿದರು. ಯಾಕೋಬ ಎಂಬ ತಮ್ಮ, ಏಸಾವ ಎಂಬ ಅಣ್ಣ. ಅಣ್ಣ ಬೇಟೆಯಿಂದ ಹಸಿದು ಬಂದಾಗ ಯಾಕೋಬ ಒಂದು ಬಟ್ಟಲು ಬೇಳೆಸಾರು ಕೊಟ್ಟು ಅವನ ಹಿರಿತನವನ್ನೇ ಕೊಂಡುಕೊಂಡ.

"ಬೇಳೆಸಾರೇ?" ಎಂದೆ.

"ಬೇಳೆಸಾರೇ. ಮುಂದೆ ಕೇಳು." ತಂದೆ ಇಸಾಕನಿಗೆ ಮುಪ್ಪಿನಲ್ಲಿ ಕಣ್ಣು ಹೋಗಿತ್ತು. ಹಿರಿಯನನ್ನು ಆಶೀರ್ವದಿಸಬೇಕೆಂದು ಕರೆದ. ಅಣ್ಣನ ಮೈತುಂಬ ಕೂದಲು, ತಮ್ಮನದು ನುಣುಪು ಮೈ. ಯಾಕೋಬ ಕೈಗೆ ಮೇಕೆಯ ಚರ್ಮ ಸುತ್ತಿಕೊಂಡು ಹೋಗಿ ನಾನೇ ಏಸಾವ ಎಂದ. ಕುರುಡ ತಂದೆ ಕೈ ಮುಟ್ಟಿ ನೋಡಿ, ಧ್ವನಿ ತಮ್ಮನದು, ಕೈ ಅಣ್ಣನದು ಎಂದು ಅನುಮಾನಿಸಿದರೂ ಆಶೀರ್ವಾದ ಕೊಟ್ಟುಬಿಟ್ಟ.

ನನ್ನ ಕೈಯಲ್ಲಿದ್ದ ಕೊತ್ತಂಬರಿ ಪುಡಿಯಾಗಿತ್ತು. "ಅವನನ್ನು ಕಾಯುವವರು ಏನು ಹೇಳುತ್ತಾರೆ ಸಾರ್?"

"ಆಹಾ, ಬಹಳ ಜಾಣರು! ಅವನು 'ನಾನು' ಎಂದು ಹೇಳಿ ಸ್ವಲ್ಪ ನಿಲ್ಲಿಸಿ, ಆಮೇಲೆ 'ಏಸಾವ ನಿನ್ನ ಹಿರಿಯ ಮಗ' ಎಂದನಂತೆ. ಸುಳ್ಳೇ ಇಲ್ಲ!"

ಇದು ನನಗೆ ಬಹಳ ಹಿಡಿಸಿತು. ಮನೆಗೆ ಹೋಗುವಾಗ ಬಸ್ಸಿನಲ್ಲಿ ನಾನೂ ಲೆಕ್ಕ ಹಾಕಿದೆ. ಮೇಷ್ಟ್ರು ಹಚ್ಚಲೇ ಎಂದರು, ನಾನು ಹಚ್ಚಿ ಎಂದೆ. ಅದರಲ್ಲಿ ಸುಳ್ಳೆಲ್ಲಿದೆ? ಆ ವಾರವೆಲ್ಲ ನೆಮ್ಮದಿಯಾಗಿ ನಿದ್ದೆ ಮಾಡಿದೆ.

ಮುಂದಿನ ಶುಕ್ರವಾರ ನಿದ್ದೆ ಕೆಡಿಸಿತು. ಯಾಕೋಬ ಪರ ಊರಿಗೆ ಓಡಿಹೋಗಿ ಅಲ್ಲೊಬ್ಬನ ಕಿರಿಯ ಮಗಳನ್ನು ಮೆಚ್ಚಿದ. ಮಾವ ಮುಸುಕು ಹಾಕಿ ಹಿರಿಯ ಮಗಳು ಲೇಯಳನ್ನು ಮದುವೆ ಮಾಡಿಕೊಟ್ಟ. ಬೆಳಗಾದ ಮೇಲೆ ನನಗೆ ಯಾಕೆ ಮೋಸ ಮಾಡಿದೆ ಎಂದು ಯಾಕೋಬ ಕೂಗಾಡಿದರೆ, ನಿನ್ನಪ್ಪ ಏಸಾವ ಎಂದು ಕರೆದಾಗ ನೀನು ಓಗೊಡಲಿಲ್ಲವೇ ಎಂದು ಲೇಯ ಕೇಳಿದಳು ಅಂತ ಅವರ ಹಳಬರು ಕತೆ ಕಟ್ಟಿದ್ದಾರೆ. ಅದಾದ ಮೇಲೆ ಅವನ ಸ್ವಂತ ಮಕ್ಕಳೇ ತಮ್ಮನನ್ನು ಮಾರಿ, ಅವನ ಅಂಗಿಯನ್ನು ಮೇಕೆಯ ರಕ್ತದಲ್ಲಿ ಅದ್ದಿ ತಂದು ತೋರಿಸಿದರು. "ಮೇಕೆಯ ಚರ್ಮದಿಂದ ಅಪ್ಪನಿಗೆ ಮೋಸ ಮಾಡಿದವನಿಗೆ ಮೇಕೆಯ ರಕ್ತ," ಎಂದರು ಮೇಷ್ಟ್ರು. "ಕಾಯುವವರ ಮಾತು ಒಂದು ಪುಟ. ಕತೆ ಮಾತ್ರ ಅವನನ್ನು ಬಿಡುವುದಿಲ್ಲ."

ನನ್ನನ್ನೂ ಬಿಡಲಿಲ್ಲ. ಉಪ್ಪು ಹೆಚ್ಚುಕಡಿಮೆ ಆಗತೊಡಗಿತು. ಬಾಯಿ ಬಿಡೋಣವೆಂದರೆ ಬಾಗಿಲಲ್ಲಿ ತೂಗುವ ಸರ್ಟಿಫಿಕೇಟು ಕಾಣುತ್ತಿತ್ತು. ಅದು ಹೋದರೆ ಸುಮಿತ್ರಕ್ಕನ ಹೋಟೆಲು ಹೋಯಿತು. ಇನ್ನೊಂದನ್ನೂ ಹೇಳಿಬಿಡುತ್ತೇನೆ. ಅದಕ್ಕಿಂತ ಹೆಚ್ಚಾಗಿ, ಈ ಮನುಷ್ಯ ನಾಳೆಯಿಂದ ನನ್ನ ಪಕ್ಕ ಕೂತು ಕೊತ್ತಂಬರಿ ಬಿಡಿಸುವುದಿಲ್ಲವಲ್ಲ ಎಂಬ ಭಯ. ಈ ದೇಶದಲ್ಲಿ ನನ್ನನ್ನು ಕೂರಿಸಿಕೊಂಡು ಕತೆ ಹೇಳಿದವರು ಬೇರೆ ಯಾರೂ ಇರಲಿಲ್ಲ.

ಡಿಸೆಂಬರಿನಲ್ಲಿ ಮೊದಲ ಹಿಮ ಬಿದ್ದ ಶುಕ್ರವಾರ ಯೂದನ ಕತೆ ಬಂತು. ಯೂದ ಯಾಕೋಬನ ಮಗ. ವಿಧವೆಯಾದ ಸೊಸೆ ತಾಮಾರಳಿಗೆ ನ್ಯಾಯವಾಗಿ ಕೊಡಬೇಕಾದ ಆಸರೆ ಕೊಡದೆ ತವರಿಗೆ ಅಟ್ಟಿದ. ಮುಂದೊಂದು ದಿನ ದಾರಿಯಲ್ಲಿ ಮುಸುಕು ಹಾಕಿ ಕೂತ ಹೆಣ್ಣಿನ ಹತ್ತಿರ ಹೋಗಿ, ತನ್ನ ಮುದ್ರೆಯನ್ನೂ ಕೋಲನ್ನೂ ಒತ್ತೆ ಇಟ್ಟ. ಅವಳೇ ತಾಮಾರ್ ಎಂದು ಅವನಿಗೆ ಗೊತ್ತಾಗಲಿಲ್ಲ. ಸೊಸೆ ಬಸಿರಾಗಿದ್ದಾಳೆ ಎಂಬ ಸುದ್ದಿ ಬಂದಾಗ ಸುಟ್ಟುಬಿಡಿ ಎಂದವನೂ ಅವನೇ. ಅವಳು ಅವನ ಹೆಸರು ಹೇಳಿ ಮಾನ ಕಳೆಯಲಿಲ್ಲ. ಮುದ್ರೆ ಮತ್ತು ಕೋಲು ಕಳಿಸಿ, ಇವು ಯಾರವು ನೋಡಿ ಎಂದಳು, ಅಷ್ಟೆ.

"ಅವನು ಅವನ್ನು ಅಂಗಿಯೊಳಗೆ ಹಾಕಿಕೊಂಡಿದ್ದರೆ ಮುಗಿದಿತ್ತು," ಎಂದರು ಮೇಷ್ಟ್ರು. "ಎಲ್ಲರ ಮುಂದೆ ನಿಂತು, ಅವಳದು ನ್ಯಾಯ, ತಪ್ಪು ನನ್ನದು ಎಂದ. ನಮ್ಮನ್ನು ಜನ ಏನೆಂದು ಕರೆಯುತ್ತಾರೆ ಮಿಸ್ಟರ್ ಸೀತಾ? ಅಬ್ರಹಾಮನ ಹೆಸರಿನಿಂದ ಅಲ್ಲ, ಯಾಕೋಬನ ಹೆಸರಿನಿಂದ ಅಲ್ಲ. ಯೂದನ ಹೆಸರಿನಿಂದ, ಯಹೂದಿ ಎಂದು."

ನಾನು ಚಾಕು ಕೆಳಗಿಟ್ಟೆ. "ಸಾರ್, ಆ ಮಳೆಯ ದಿನ ಬೇಳೆಯ ಒಲೆ ನೀವು ಬರುವ ಮುಂಚೆಯೇ ನಾನು ಹಚ್ಚಿದ್ದೆ. ನೀವು ಬಂದದ್ದು ನೋಡಿ ಆರಿಸಿದೆ."

ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು. ಹೊರಗೆ ಹಿಮ ಬೀಳುತ್ತಿತ್ತು. ಆಮೇಲೆ ತಮ್ಮ ಬಲಗೈ ಬೆರಳನ್ನೇ ನೋಡುತ್ತ ಹೇಳಿದರು:

"ಕಬ್ಬಿಣ ಬಿಸಿ ಇತ್ತು. ನನಗೆ ತಾಗಿತು. ಕೇಳಬೇಕಿತ್ತು, ಅದಕ್ಕೇ ನನ್ನನ್ನು ಇಲ್ಲಿ ಇಟ್ಟಿದ್ದಾರೆ. ಕೇಳಿದರೆ ನಾನು ತಡವಾಗಿ ಬಂದದ್ದೂ ಹೊರಬೀಳುತ್ತದೆ ಅಂತ ಸುಮ್ಮನಾದೆ. ಆ ಮೇಲೆ ನಿನ್ನ ಎದುರು ಕೂತು, ಕುರುಡ ಇಸಾಕ ಕೈ ಮುಟ್ಟಿ ನೋಡಿದ ಕತೆ ಹೇಳಿದೆನಲ್ಲ!"

ಇಬ್ಬರೂ ಒಬ್ಬರನ್ನೊಬ್ಬರು ನೋಡಿದೆವು. ಯಾರಿಗೆ ಮೊದಲು ನಗು ಬಂತೋ ಗೊತ್ತಿಲ್ಲ. ನಕ್ಕ ಮೇಲೆ ಹೆದರಿಕೆ ಬಂತು. ಸುಮಿತ್ರಕ್ಕನಿಗೂ ಹೇಳಬೇಕು, ಸರ್ಟಿಫಿಕೇಟು ಕೊಟ್ಟ ಹಿರಿಯ ಗುರುಗಳಿಗೂ ಹೇಳಬೇಕು.

ಸುಮಿತ್ರಕ್ಕ ಕೇಳಿ ಕುರ್ಚಿಯ ಮೇಲೆ ಕುಸಿದರು. "ಅಯ್ಯೋ ಸೀತಾರಾಮಣ್ಣ, ಎಂತ ಮಾಡಿ ಹಾಕಿದ್ರಿ! ಒಂದು ಫೋನು ಮಾಡ್ಲಿಕ್ಕೆ ನಿಮಗೆ ಬಾಯಿ ಇರ್ಲಿಲ್ವಾ? ಬೇಳೆಗೆ ಬೈಲಿಕ್ಕೆ ಮಾತ್ರ ಬಾಯಿ ಉಂಟು!"

ಮೇಷ್ಟ್ರು ಗುರುಗಳಿಗೆ ಫೋನು ಮಾಡಿ ಎಲ್ಲರಿಗೂ ಕೇಳುವ ಹಾಗೆ ಮೇಜಿನ ಮೇಲಿಟ್ಟರು. ಮೊದಲು ತಮ್ಮ ತಪ್ಪು ಹೇಳಿದರು, ಆಮೇಲೆ ನನ್ನದು. ಆ ಕಡೆಯಿಂದ ಮುದಿ ದನಿಯೊಂದು ನನ್ನನ್ನೇ ಕೇಳಿತು: "ಎಫ್ರಾಯಿಮ್ ಮತ್ತೆ ಹಚ್ಚಿದಾಗ ಬೇಳೆ ಎಷ್ಟು ಬೆಂದಿತ್ತು?"

"ಬೆಂದೇ ಇರಲಿಲ್ಲ ಸಾರ್."

"ಸ್ವಲ್ಪವಾದರೂ? ತಿನ್ನುವ ಹಾಗೆ?"

"ತಿಂದಿದ್ದರೆ ಹಲ್ಲು ಹೋಗುತ್ತಿತ್ತು. ಕಲ್ಲು ಸಾರ್, ಕಲ್ಲು. ಅಂಥ ಬೇಳೆ ನಾನು ಜನ್ಮದಲ್ಲಿ ಕಂಡಿಲ್ಲ."

ಸುಮಿತ್ರಕ್ಕ ಮಾಂಗಲ್ಯ ಹಿಡಿಯುವ ಹಳೇ ಅಭ್ಯಾಸದಲ್ಲಿ ಬರೀ ಕುತ್ತಿಗೆ ಹಿಡಿದುಕೊಂಡಿದ್ದರು. ಕೊನೆಗೆ ಗುರುಗಳು ಹೇಳಿದರು: ಹಾಗಾದರೆ ಬೇಳೆ ಬೆಂದದ್ದೆಲ್ಲ ಎಫ್ರಾಯಿಮ್ ಹಚ್ಚಿದ ಬೆಂಕಿಯಲ್ಲೇ. ಊಟಕ್ಕೆ ದೋಷವಿಲ್ಲ. ಆದರೂ ಪಾತ್ರೆಗಳನ್ನು ಕುದಿನೀರಲ್ಲಿ ಅದ್ದಿ ತೆಗೆಯಿರಿ, ಉಂಡವರಿಗೂ ತಿಳಿಸಿ.

"ನಾನು ಹೇಳಿರ್ಲಿಲ್ವಾ, ಆ ಬೇಳೆ ಒಳ್ಳೇದು ಅಂತ!" ಸುಮಿತ್ರಕ್ಕ ಎದ್ದು ನಿಂತೇಬಿಟ್ಟರು. ಕಣ್ಣಲ್ಲಿ ನೀರು, ಬಾಯಲ್ಲಿ ಜಗಳ.

ಭಾನುವಾರ ಅಡಿಗೆಮನೆಯಲ್ಲಿ ಮದುವೆಮನೆಯ ಗದ್ದಲ. ಹಂಡೆಯಷ್ಟು ದೊಡ್ಡ ಪಾತ್ರೆಯಲ್ಲಿ ನೀರು ಕುದಿಯುತ್ತಿದೆ, ಮೇಷ್ಟ್ರು ಕೋಟು ಬಿಚ್ಚಿ ತೋಳು ಮಡಿಸಿದ್ದಾರೆ, ನಾವು ಸೌಟು ಜಾಲರಿಗಳನ್ನೆಲ್ಲ ಒಂದೊಂದಾಗಿ ಅದ್ದಿ ಎತ್ತುತ್ತಿದ್ದೇವೆ. ಆವಿಯಲ್ಲಿ ಯಾರ ಮುಖವೂ ಕಾಣುತ್ತಿರಲಿಲ್ಲ. ನಿಶ್ಚಿತಾರ್ಥದ ಅಜ್ಜಿಗೆ ನಾನೇ ಫೋನು ಮಾಡಿ ಒಪ್ಪಿಕೊಂಡೆ. ಆಕೆ ಎಲ್ಲ ಕೇಳಿ, "ಅವತ್ತು ನಮ್ಮ ಮನೆಯಲ್ಲಿ ಇನ್ನೂ ದೊಡ್ಡ ಸುಳ್ಳುಗಳನ್ನು ಹೇಳಿದವರಿದ್ದರು. ಹುಡುಗ ಅಡಿಗೆ ಬರುತ್ತದೆ ಅಂದಿದ್ದ," ಎಂದು ಮದುವೆಯ ಆರ್ಡರನ್ನೂ ನಮಗೇ ಕೊಟ್ಟರು.

ನಾನು ಮೇಷ್ಟ್ರ ಕೈ ಹಿಡಿದು ಕ್ಷಮೆ ಕೇಳಿದೆ, ಅವರೂ ಕೇಳಿದರು. ಯಾರಿಗೆ ಮೋಸ ಮಾಡಿದ್ದೇವೋ ಅವರನ್ನೇ ಕೇಳಬೇಕು, ಬರೀ ದೇವರನ್ನು ಕೇಳಿದರೆ ಸಾಲದು ಎಂಬುದು ಅವರಲ್ಲಿ ಕಟ್ಟಳೆ. "ಆದರೂ ಮುಗಿಯಲಿಲ್ಲ," ಎಂದರು. "ಅದೇ ಸಂದರ್ಭ ಮತ್ತೆ ಬರಬೇಕು. ಆಗ ನೀನು ಅದೇ ತಪ್ಪು ಮಾಡಬಾರದು. ಅಲ್ಲಿಗೆ ಪೂರ್ತಿ."

ಅದು ಜನವರಿಯಲ್ಲಿ ಬಂತು. ದೊಡ್ಡ ಹಿಮ. ಮೇಷ್ಟ್ರು ಎಲ್ಲೋ ಬಸ್ಸಿನಲ್ಲಿ ಸಿಕ್ಕಿಕೊಂಡರು. ಹೊರಗೆ ಹಿಮ ಎತ್ತುವವರು, ಚಳಿಗೆ ನಡುಗುತ್ತ ಒಳಗೆ ಬಂದು ಬಿಸಿ ಬಿಸಿ ಏನಿದೆ ಎನ್ನುತ್ತಿದ್ದಾರೆ. ಊದುಬತ್ತಿಯ ಲೈಟರು ಗೂಡಿನಿಂದ ನನ್ನನ್ನೇ ನೋಡುತ್ತಿದೆ. ನಾನು ಅವಲಕ್ಕಿ ತೊಳೆದು, ಮೊಸರು ಕಲಸಿ, ಕಾಯಿ ತುರಿದು, ಸೌತೆಕಾಯಿ ಹೆಚ್ಚಿಹಾಕಿ, ಒಗ್ಗರಣೆಯೇ ಇಲ್ಲದ ಮೊಸರವಲಕ್ಕಿ ಬಡಿಸಿದೆ. "ಈ ಚಳಿಗೆ ತಣ್ಣನೆ ಮೊಸರವಲಕ್ಕಿ ಕೊಡುವ ಹೋಟೆಲು ಭೂಮಿ ಮೇಲೆ ಇದೊಂದೇ," ಎಂದು ಸುಮಿತ್ರಕ್ಕ ಹಣೆ ಚಚ್ಚಿಕೊಂಡರು. ಆದರೆ ತಡೆಯಲಿಲ್ಲ. ತಾವೇ ಒಂದು ಬಟ್ಟಲು ಹಾಕಿಕೊಂಡು ನಿಂತಲ್ಲೇ ತಿಂದರು.

ಮಧ್ಯಾಹ್ನದ ಹೊತ್ತಿಗೆ ಮೇಷ್ಟ್ರು ಬಂದರು, ಹ್ಯಾಟಿನ ಮೇಲೆ ಹಿಮದ ಗೋಪುರ. ನೇರ ಒಲೆಯ ಹತ್ತಿರ ಹೋದರು. ಕಡ್ಡಿ ತೆಗೆಯಲಿಲ್ಲ. ಮೊದಲು ಅಂಗೈಯನ್ನು ಕಬ್ಬಿಣದ ಮೇಲೆ ಪೂರ್ತಿ ಊರಿದರು. ಮಂಜುಗಡ್ಡೆಯಷ್ಟು ತಣ್ಣಗಿತ್ತು. ಕೈ ಅಲ್ಲೇ ಇಟ್ಟುಕೊಂಡು ನನ್ನ ಕಡೆ ತಿರುಗಿ ನಕ್ಕರು. ಆ ನಗುವನ್ನು ಬರೆಯುವಷ್ಟು ನಾನು ಓದಿಲ್ಲ.

"ಹಚ್ಚಲೇ, ಮಿಸ್ಟರ್ ಸೀತಾ?"

"ಹಚ್ಚಿ ಸಾರ್."

ಈಗ ನಾನು ಹೋಟೆಲು ಬಿಟ್ಟು ಮಗಳ ಮನೆ ಸೇರಿದ್ದೇನೆ. ಮೇಷ್ಟ್ರೂ ಮಗನ ಊರಿಗೆ ಹೋದರು. ಎಲೆ ಉದುರುವ ಕಾಲದಲ್ಲಿ ಒಂದು ಶುಕ್ರವಾರ ಬೆಳಿಗ್ಗೆ ತಪ್ಪದೆ ಅವರ ಫೋನು ಬರುತ್ತದೆ: "ಈ ವಾರ ಯಾಕೋಬ. ಬೇಳೆ ಬೆಂದಿತೇ?" ಅವತ್ತು ನಾನು ಮೇಘಳಿಗೆ ಈ ಕತೆ ಹೇಳುತ್ತೇನೆ. ಅವಳಿಗೆ ಕತೆ ಬಾಯಿಪಾಠವಾಗಿದೆ, ಆದರೂ ಬೇಕು.

ಹೋದ ವಾರ ಮೇಣದಬತ್ತಿಯ ಬೆಳಕಿನಲ್ಲಿಯೂ ಹೇಳುತ್ತಿದ್ದೆ. ಮಳೆ, ಲೈಟರು, ಮುರಿದ ಛತ್ರಿ ಎಲ್ಲ ಬಂತು. "ಮೇಷ್ಟ್ರು ಒಳಗೆ ಬಂದು ಕಡ್ಡಿ ಗೀರಿ ಒಲೆ ಹಚ್ಚಿದರು..." ಎಂದು ಮುಂದಕ್ಕೆ ಓಡುತ್ತಿದ್ದೆ.

ಮೇಘ ನನ್ನ ಮೊಣಕೈ ಹಿಡಿದು ಜಗ್ಗಿದಳು. "ತಾತ! ಯು ಸ್ಕಿಪ್ಡ್ ಇಟ್ ಅಗೇನ್! ಯು ಟರ್ನ್ಡ್ ಇಟ್ ಆಫ್!"

"ಹೌದು ಕಣಮ್ಮ," ಎಂದೆ. "ನಾನೇ ಆರಿಸಿದೆ."

"ಓಕೆ. ನೌ ಗೋ ಆನ್," ಎಂದು ಅವಳು ನೆಟ್ಟಗೆ ಕೂತಳು.